ತಿಪ್ಪೆಯ ವಾಸನೆಯೂ ಯೂರಿಯಾ ಮೂಟೆಯೂ

ನಮ್ಮ ಮನೆ ಹದಿನಾರಿನಲ್ಲಿ. ಎರಡು ಸೀಮೆ ಹಸು, ಬಕ್ರೀದ್‌ಗೆಂದು ಸಾಕುವ ನಾಲ್ಕು ಆಡು, ಅವಕ್ಕೆ ಹತ್ತು ಗುಂಟೆಯಲ್ಲಿ ನೇಪಿಯರ್ ಹುಲ್ಲು. ಪ್ರತಿ ಬೇಸಿಗೆಯಲ್ಲೂ ಅಬ್ಬಾ ತಿಪ್ಪೆ ಗೊಬ್ಬರವನ್ನು ಟ್ರ್ಯಾಕ್ಟರ್ ಲೋಡ್ ಲೆಕ್ಕದಲ್ಲಿ ಮಾರುತ್ತಿದ್ದರು. ನನ್ನ ಫೀಸಿನ ಒಂದು ಭಾಗ ಅದೇ ದುಡ್ಡು. ಆಮೇಲೆ ಹುಲ್ಲಿಗೆ ಯೂರಿಯಾ ಕೊಂಡು ತರುತ್ತಿದ್ದರು. ಎರಡು ವರ್ಷದಿಂದ ಹುಲ್ಲು ಸರಿಯಾಗಿ ಚಿಗುರುತ್ತಿರಲಿಲ್ಲ. ಹಸಿ ಮೇವು ಕಡಿಮೆಯಾದಷ್ಟೂ ಹಿಂಡಿ, ಬೂಸಾ ಖರ್ಚು ಏರಿತು. ಡೇರಿಯ ಹಾಲಿನ ದುಡ್ಡು ಅದಕ್ಕೇ ಹೋಗುತ್ತಿತ್ತು.

ಯೋಚಿಸಿದರೆ ಕಾರಣ ಸರಳ. ನೇಪಿಯರನ್ನು 40–45 ದಿನಕ್ಕೊಮ್ಮೆ ಬುಡದವರೆಗೆ ಕೊಯ್ಯುತ್ತೇವೆ. ಎಲೆ, ಕಾಂಡ ಎರಡೂ ಹೊಲದಿಂದ ಹೊರಗೆ. ಮಣ್ಣಿನಿಂದ ಹೋದ ಸಾರ ಹಸುವಿನ ಹೊಟ್ಟೆ ಸೇರಿ, ಬಹುಪಾಲು ಸಗಣಿ, ಗಂಜಲವಾಗಿ ಕೊಟ್ಟಿಗೆಗೆ ಬೀಳುತ್ತದೆ. ಅದನ್ನು ನಾವು ಮಾರಿಬಿಡುತ್ತಿದ್ದೆವು.

ಲೆಕ್ಕ ಹಾಕಿದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು 0.5 ಶೇಕಡಾ, ಅಂದರೆ ಒಂದು ಟನ್ನಿಗೆ 5 ಕೆ.ಜಿ. 45 ಕೆ.ಜಿ.ಯ ಯೂರಿಯಾ ಮೂಟೆಯಲ್ಲಿ 46 ಶೇಕಡಾ, ಹತ್ತಿರ ಹತ್ತಿರ 21 ಕೆ.ಜಿ. ಒಂದು ಮೂಟೆಗೆ ನಾಲ್ಕು ಟನ್ ಗೊಬ್ಬರ! ಅಬ್ಬಾ ನಕ್ಕರು. ಆದರೆ ಗೊಬ್ಬರದಲ್ಲಿ ರಂಜಕ, ಪೊಟ್ಯಾಷ್ ಕೂಡ ಇದೆ, ಮಣ್ಣು ಸಡಿಲವಾಗಿ ನೀರು ಹಿಡಿಯುತ್ತದೆ. ಮೂಟೆಯಲ್ಲಿ ಅದಿಲ್ಲ.

ಇನ್ನೊಂದು ವಿಷಯ ಕೆಮಿಸ್ಟ್ರಿ ಕ್ಲಾಸಿನಲ್ಲಿ ಹೊಳೆಯಿತು. 1828ರಲ್ಲಿ ವೋಲರ್ ಪ್ರಯೋಗಾಲಯದಲ್ಲಿ ತಯಾರಿಸಿದ ಯೂರಿಯಾ ನಮ್ಮ ಹಸುವಿನ ಗಂಜಲದಲ್ಲೇ ಇದೆ. ಹಸು ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಗಂಜಲದ್ದು. ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ. ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ಕಣ್ಣು ಉರಿಸುವ ವಾಸನೆ ಅದೇ. ವಾಸನೆ ಬಂತೆಂದರೆ ಗೊಬ್ಬರ ಗಾಳಿಗೆ ಹೋಗುತ್ತಿದೆ ಎಂದರ್ಥ. ಉಳಿದ ಗಂಜಲ ನಮ್ಮಲ್ಲಿ ಚರಂಡಿ ಸೇರುತ್ತಿತ್ತು. ತಿಪ್ಪೆಯ ಕಪ್ಪು ನೀರು ಮಳೆಯಲ್ಲಿ ಹರಿದು ಕೆರೆ ಸೇರಿದರೆ ಪಾಚಿ ಬೆಳೆಯುತ್ತದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆ ನಮ್ಮದು.

ಹುರುಪಿನಲ್ಲಿ ನಾನೇ ಒಂದು ತಪ್ಪು ಮಾಡಿದೆ. ಮೂಲೆಯಲ್ಲಿ ಬಿತ್ತಿದ್ದ ಮೇವಿನ ಜೋಳಕ್ಕೆ ಹುಲ್ಲುಕಡ್ಡಿ ಬೆರೆತ ಹಸಿ ಸಗಣಿ ಸುರಿದೆ. ಪೈರು ಹಳದಿಯಾಯಿತು. ಹುಲ್ಲುಕಡ್ಡಿಯನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನೇ ಮೊದಲು ತಿಂದುಬಿಡುತ್ತವೆ. ಜೊತೆಗೆ ಕಳೆ ಬೀಜ, ಗೊಣ್ಣೆ ಹುಳು. ದಾದಿ ಬೈದರು: "ನಮ್ಮ ಕಾಲದಲ್ಲಿ ತಿಪ್ಪೆಗೆ ಮಣ್ಣು ಮುಚ್ಚುತ್ತಿದ್ದೆವು ಕಣೋ, ನೀನು ಓದಿದ್ದೇನು?"

ಈಗ ದಾದಿ ಹೇಳಿದಂತೆಯೇ. ನೆರಳಲ್ಲಿ ಗುಂಡಿ, ಕೊಟ್ಟಿಗೆಯಲ್ಲಿ ಗಂಜಲ ಹೀರಲು ತರಗೆಲೆ, ಆಡಿನ ಹಿಕ್ಕೆಯೂ ಅದಕ್ಕೇ (ಸಗಣಿಗಿಂತ ಅದರಲ್ಲಿ ಸಾರ ಹೆಚ್ಚು), ಮೇಲೆ ಮಣ್ಣು. ಒಲೆಯ ಬೂದಿ ಮಾತ್ರ ಸುರಿಯುವುದಿಲ್ಲ, ಅದರ ಕ್ಷಾರಕ್ಕೆ ಅಮೋನಿಯಾ ಇನ್ನೂ ಬೇಗ ಹಾರುತ್ತದೆ. ನಾಲ್ಕೈದು ತಿಂಗಳಿಗೆ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ವಾಸನೆಗೆ ಬರುತ್ತದೆ. ಕೊಯ್ದ ಮರುದಿನವೇ ಸಾಲಿಗೆ ಹಾಕಿ ನೀರು ಬಿಡುತ್ತೇವೆ. ಉಳಿದ ಗಂಜಲಕ್ಕೆ ಹತ್ತು ಪಾಲು ನೀರು ಬೆರೆಸುತ್ತೇವೆ. ಅತಿಯಾದರೆ ಇದೂ ಅಪಾಯ: ಸಾರಜನಕ ಹೆಚ್ಚಾದ ಮೇವಿನಲ್ಲಿ ನೈಟ್ರೇಟ್ ಸೇರಿ ದನಕ್ಕೆ ವಿಷವಾಗಬಹುದು, ಮಳೆಯಿಲ್ಲದೆ ಬಾಡಿದ ಜೋಳದಲ್ಲಂತೂ ಇನ್ನೂ ಹೆಚ್ಚು.

ಯೂರಿಯಾ ಪೂರ್ತಿ ಬಿಟ್ಟಿಲ್ಲ, ಅರ್ಧಕ್ಕೆ ಇಳಿಸಿದ್ದೇವೆ. ಹುಲ್ಲು ಈಗ ಎರಡನೇ ಕೊಯ್ಲಿಗೂ ಹಸಿರಾಗಿದೆ. ಆದರೆ ಈ ಬೇಸಿಗೆ ಮಾರಲು ಗೊಬ್ಬರ ಇರಲಿಲ್ಲ. ನನ್ನ ಫೀಸಿಗೆ ಅಬ್ಬಾ ಒಂದು ಆಡು ಮಾರಿದರು.