ಜೋಡಿ ಚಿಹ್ನೆಗಳ ಪರೀಕ್ಷೆ: ಕಿರು ಪ್ರೋಗ್ರಾಮಿನ ಬಲ ಮತ್ತು ಮಿತಿ

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರವು ಪ್ರತ್ಯೇಕ ತಾಲ್ಲೂಕಾಗುವ ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಆ ಕಾಲದ ವಿಂಗಡಣೆಯನ್ನು ಕಂಪ್ಯೂಟರಿಗಾಗಿ ‘ಚಿಕ್ಕಮಗಳೂರು (ಕಡೂರು, ತರೀಕೆರೆ (ಅಜ್ಜಂಪುರ))’ ಎಂದೂ ಈಗಿನದನ್ನು ‘ಚಿಕ್ಕಮಗಳೂರು (ಕಡೂರು, ತರೀಕೆರೆ, ಅಜ್ಜಂಪುರ)’ ಎಂದೂ ಬರೆಯಬಹುದು. ಎರಡರಲ್ಲೂ ಊರುಗಳು ಅವೇ ಆಗಿದ್ದರೂ ಯಾವುದು ಯಾವುದಕ್ಕೆ ಸೇರಿದೆ ಎಂಬುದನ್ನು ಆವರಣ ಚಿಹ್ನೆಗಳಷ್ಟೇ ತಿಳಿಸುವುದರಿಂದ, ಮುಚ್ಚುವ ಚಿಹ್ನೆಯೊಂದು ಬಿಟ್ಟುಹೋದರೆ ಇಡೀ ಸಾಲಿನ ಅರ್ಥವೇ ಅನಿಶ್ಚಿತವಾಗುತ್ತದೆ. ಆದ್ದರಿಂದ ಸಾಲನ್ನು ಬಳಸುವ ಮೊದಲು, ತೆರೆದ ಪ್ರತಿಯೊಂದು ಚಿಹ್ನೆಗೂ ಅದರ ಜೋಡಿ ಸರಿಯಾದ ಸ್ಥಾನದಲ್ಲಿದೆಯೇ ಎಂದು ಪರೀಕ್ಷಿಸುವುದು ಅವಶ್ಯಕ.

ತೆರೆಯುವ ಮತ್ತು ಮುಚ್ಚುವ ಚಿಹ್ನೆಗಳನ್ನು ಎಣಿಸಿ ಹೋಲಿಸಿದರೆ ಸಾಲದು. ‘)(’ ಎಂಬುದರಲ್ಲಿ ಲೆಕ್ಕ ಸರಿಯಿದ್ದರೂ ಕ್ರಮ ತಪ್ಪಾಗಿದೆ. ‘([)]’ ಎಂಬುದರಲ್ಲಿ ಎರಡೂ ಬಗೆಯ ಜೋಡಿಗಳಿದ್ದರೂ ಅವು ಒಂದನ್ನೊಂದು ಅಡ್ಡಹಾಯುತ್ತವೆ. ಒಂದೇ ಬಗೆಯ ಮೂರು ಜೋಡಿಗಳನ್ನು, ಅಂದರೆ ಆರು ಚಿಹ್ನೆಗಳನ್ನು, 20 ರೀತಿಯಲ್ಲಿ ಜೋಡಿಸಲು ಸಾಧ್ಯವಿದ್ದು, ಅವುಗಳಲ್ಲಿ ಸರಿಯಾದವು 5 ಮಾತ್ರ.

ಈ ಪರೀಕ್ಷೆಗೆ ಅತಿ ಚಿಕ್ಕ ಪ್ರೋಗ್ರಾಮನ್ನು ರಿಕರ್ಷನ್ ವಿಧಾನದಿಂದ ಬರೆಯಬಹುದು. ಒಂದು ಸಮಸ್ಯೆಯನ್ನು ಅದೇ ಬಗೆಯ ಚಿಕ್ಕ ಸಮಸ್ಯೆಯಾಗಿಸಿ, ಪ್ರೋಗ್ರಾಮು ತನ್ನನ್ನೇ ಮತ್ತೆ ಕರೆದುಕೊಳ್ಳುವ ವಿಧಾನಕ್ಕೆ ರಿಕರ್ಷನ್ ಎನ್ನುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ 1960ರಲ್ಲಿ ಪ್ರಕಟಿಸಿದ, ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಬಂಧಕ್ಕೆ ಇದೇ ತಳಹದಿ. ಮೊದಲು ಅಕ್ಷರಗಳನ್ನೆಲ್ಲ ತೆಗೆದು ಚಿಹ್ನೆಗಳನ್ನಷ್ಟೇ ಉಳಿಸಿಕೊಂಡರೆ, ಮುಂದಿನ ಕೆಲಸಕ್ಕೆ ಮೂರು ನಿಯಮಗಳು ಸಾಕು. ಸಾಲು ಬರಿದಾಗಿದ್ದರೆ ಉತ್ತರ ‘ಸರಿ’; ಇಲ್ಲದಿದ್ದರೆ ಪಕ್ಕಪಕ್ಕದಲ್ಲಿರುವ ‘()’, ‘[]’, ‘{}’ ಜೋಡಿಗಳನ್ನು ಅಳಿಸಬೇಕು, ಅಳಿಸಲು ಏನೂ ಸಿಗದಿದ್ದರೆ ಉತ್ತರ ‘ತಪ್ಪು’; ಏನಾದರೂ ಅಳಿದಿದ್ದರೆ ಉಳಿದ ಸಾಲಿಗೆ ಇದೇ ಪರೀಕ್ಷೆಯನ್ನು ಮತ್ತೆ ನಡೆಸಬೇಕು. ಮೇಲಿನ ಹಳೆಯ ವಿಂಗಡಣೆಯಲ್ಲಿ ಉಳಿಯುವ ‘(())’ ಮೊದಲು ‘()’ ಆಗಿ, ಬಳಿಕ ಬರಿದಾಗಿ ತೇರ್ಗಡೆಯಾದರೆ, ‘([)]’ ಮೊದಲ ಸುತ್ತಿನಲ್ಲೇ ಸಿಕ್ಕಿಬೀಳುತ್ತದೆ.

ಈ ಕಿರಿದುತನಕ್ಕೆ ಬೆಲೆಯೂ ಇದೆ. ಪ್ರತಿ ಸುತ್ತಿನಲ್ಲಿ ಇಡೀ ಸಾಲನ್ನು ಮೊದಲಿನಿಂದ ನೋಡಬೇಕಾದ್ದರಿಂದ, ಒಂದರೊಳಗೊಂದು ಆಳವಾಗಿ ಸೇರಿದ ಆವರಣಗಳಿದ್ದಾಗ ಕೆಲಸ ನಿಧಾನವಾಗುತ್ತದೆ. ಮೇಲಾಗಿ ಪೈಥಾನ್ ಭಾಷೆಯು ಇಂತಹ ಕರೆಗಳ ಆಳಕ್ಕೆ ಸಾಮಾನ್ಯವಾಗಿ 1000ದ ಮಿತಿಯನ್ನು ಹಾಕಿರುತ್ತದೆ. ತೆರೆದ ಚಿಹ್ನೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟು, ಮುಚ್ಚುವ ಚಿಹ್ನೆ ಬಂದಾಗ ಮೇಲಿನದನ್ನು ತೆಗೆಯುವ ಸ್ಟ್ಯಾಕ್ ವಿಧಾನವು ಸ್ವಲ್ಪ ಉದ್ದವಾದರೂ ಒಂದೇ ಓದಿನಲ್ಲಿ ಮುಗಿಯುತ್ತದೆ.

ಜೋಡಿಯಾಗಬೇಕಾದವು ಕನ್ನಡದ ಅಕ್ಷರಗಳೇ ಆದಾಗ ಇನ್ನೊಂದು ತೊಡಕು ಎದುರಾಗುತ್ತದೆ. ‘ವಿಕಟಕವಿ’ ಹಿಂದುಮುಂದಾಗಿ ಓದಿದರೂ ಒಂದೇ ಎಂಬುದನ್ನು ಪರೀಕ್ಷಿಸಲು, ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಹೋಲಿಸಿ, ಅವು ಹೊಂದಿದರೆ ನಡುವಿನ ಭಾಗಕ್ಕೆ ಅದೇ ನಿಯಮವನ್ನು ಅನ್ವಯಿಸುವ ರಿಕರ್ಷನ್ ಸಾಕೆನಿಸುತ್ತದೆ. ಆದರೆ ಓದುಗರಿಗೆ ಐದು ಅಕ್ಷರಗಳಾಗಿ ಕಾಣುವ ಈ ಪದವು ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ಏಳು ಸಂಕೇತಗಳಾಗಿದ್ದು, ಮೊದಲನೆಯದು ‘ವ’ ವ್ಯಂಜನ, ಕೊನೆಯದು ಇಕಾರದ ಗುಣಿತ ಚಿಹ್ನೆ. ಆದಕಾರಣ ಸಂಕೇತಗಳನ್ನು ಹೋಲಿಸುವ ಪ್ರೋಗ್ರಾಮು ಸರಿಯಾದ ಪದವನ್ನೇ ತಪ್ಪೆಂದು ತಳ್ಳಿಹಾಕುತ್ತದೆ. ನಾಲ್ಕು ಅಕ್ಷರಗಳ ‘ಅಜ್ಜಂಪುರ’ದಲ್ಲಿ ಗುಣಿತ, ಒತ್ತಕ್ಷರ ಮತ್ತು ಅನುಸ್ವಾರಗಳಿಂದಾಗಿ ಸಂಕೇತಗಳು ಎಂಟಾಗುತ್ತವೆ. ಗುಣಿತ, ಒತ್ತು, ಅನುಸ್ವಾರಗಳನ್ನು ಮೂಲ ಅಕ್ಷರದೊಡನೆ ಒಂದುಗೂಡಿಸಿದ ಮೇಲಷ್ಟೇ ಹೋಲಿಕೆ ಆರಂಭವಾಗಬೇಕು.

ಆವರಣಗಳು ಸರಿಯಿದ್ದ ಮಾತ್ರಕ್ಕೆ ಮಾಹಿತಿಯೂ ಸರಿ ಎನ್ನಲಾಗದು. ಅಜ್ಜಂಪುರವನ್ನು ಕಡೂರಿನೊಳಗೆ ಬರೆದರೂ ಈ ಪರೀಕ್ಷೆ ಒಪ್ಪಿಕೊಳ್ಳುತ್ತದೆ. ಪ್ರೋಗ್ರಾಮನ್ನು ಚಿಕ್ಕದಾಗಿಸಲು ಹೊರಡುವವರು, ಯಾವುದನ್ನು ಒಂದು ಅಕ್ಷರವೆಂದು ಎಣಿಸಬೇಕು, ಯಾವುದನ್ನು ಜೋಡಿಯೆಂದು ಒಪ್ಪಬೇಕು ಎಂಬುದನ್ನು ಮೊದಲು ನಿರ್ಧರಿಸಿಕೊಂಡು, ಬರಿದಾದ ಸಾಲು, ‘)(’, ‘([)]’ ಮತ್ತು ‘ವಿಕಟಕವಿ’ಯಂತಹ ಉದಾಹರಣೆಗಳಿಂದ ಅದನ್ನು ಪರೀಕ್ಷಿಸಿದ ನಂತರವೇ ಬಳಕೆಗೆ ತರಬೇಕು.