ಖಜಾನೆಯ ಕೊರತೆ, ರೈತನ ಚೀಲ

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ವ್ಯಾಪಾರ. ಹಂಗಾಮಿನಲ್ಲಿ ಅಂಥ ಒಂದು ದಿನ ಚಹಾದಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಡಬ್ಬಿ, ಕಡ್ಡಿ ತಳಿಗಳ ದರದ ಮಾತು ಮುಗಿಯುವ ಹೊತ್ತಿಗೆ ಸರ್ಕಾರದ ಖಜಾನೆಯ ಮಾತು ಶುರುವಾಗುತ್ತದೆ. ‘ಸಾಲಾ ಮಾಡಿ ಮಾಡಿ ಸರ್ಕಾರ ದಿವಾಳಿ ಆಗೈತಿ’, ‘ಪುಕ್ಕಟೆ ಕೊಟ್ಟು ಖಜಾನಿ ಖಾಲಿ ಮಾಡ್ಯಾರ’, ‘ಬಡವ್ರು ಎಲ್ಲಿ ಟ್ಯಾಕ್ಸ್ ಕಟ್ತಾರ್ರಿ?’ ಎನ್ನುವ ಈ ಮೂರು ಮಾತು ಹಾವೇರಿ ಬಸ್ ನಿಲ್ದಾಣದಲ್ಲೂ ಕೇಳಿಸುತ್ತವೆ, ರಾಣೆಬೆನ್ನೂರಿನ ಬೀಜದಂಗಡಿಗಳಲ್ಲೂ ಕೇಳಿಸುತ್ತವೆ. ಮೂರರಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ಕೊರತೆ ತಗ್ಗಿಸುವಾಗ ಹೊರೆ ಯಾರ ಹೆಗಲಿಗೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಮೂರೂ ಮುಚ್ಚಿಡುತ್ತವೆ.

ತಪ್ಪು ಕಲ್ಪನೆ: ಸಾಲ ಮಾಡಿದ ಸರ್ಕಾರ ಸಾಲ ಮಾಡಿದ ಮನೆಯಂತೆ, ಹಾಳಾಗುವುದು ಖಚಿತ.

ಬೋರ್‌ವೆಲ್ ಕೊರೆಸಲು ತಂದ ಸಾಲಕ್ಕೂ ದಿನದ ಅಕ್ಕಿ-ಬೇಳೆಗೆ ತಂದ ಸಾಲಕ್ಕೂ ಇರುವ ವ್ಯತ್ಯಾಸ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಜೆಟ್ಟಿನಲ್ಲೂ ಇದಕ್ಕೆ ಎರಡು ಹೆಸರಿವೆ. ಒಟ್ಟು ಎಷ್ಟು ಸಾಲದಿಂದ ಖರ್ಚು ತೂಗಿಸಬೇಕು ಎಂಬುದು ವಿತ್ತೀಯ ಕೊರತೆ. ಸಂಬಳ, ಬಡ್ಡಿ, ಪಿಂಚಣಿ, ಸಬ್ಸಿಡಿಯಂಥ ನಿತ್ಯದ ಖರ್ಚಿಗೇ ಆದಾಯ ಸಾಲದೆ ಹೋದರೆ ಅದು ರಾಜಸ್ವ ಕೊರತೆ. 2025-26ರ ಕರ್ನಾಟಕ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ವಿತ್ತೀಯ ಕೊರತೆ 90,428 ಕೋಟಿ, ರಾಜಸ್ವ ಕೊರತೆ 19,262 ಕೋಟಿ. ಅಂದರೆ ತರುವ ಸಾಲದಲ್ಲಿ ಸುಮಾರು ಐದರಲ್ಲೊಂದು ಪಾಲು ಅಕ್ಕಿ-ಬೇಳೆಯ ಸಾಲ. ಚಿಂತಿಸಬೇಕಾದದ್ದು ಈ ಪಾಲಿನ ಬಗ್ಗೆ.

ಇಡೀ ದೇಶದಲ್ಲಿ ಮೊದಲು ಕೊರತೆಗೆ ಕಾನೂನಿನ ಲಗಾಮು ಹಾಕಿಕೊಂಡ ರಾಜ್ಯ ನಮ್ಮದೇ. 2002ರ ಆ ಕಾಯ್ದೆಯ ಪ್ರಕಾರ ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ನ್ನು, ಒಟ್ಟು ಸಾಲದ ಹೊಣೆ ಶೇ 25ನ್ನು ಮೀರಬಾರದು. 2025-26ರ ಅಂದಾಜಿನಲ್ಲಿ ಇವು ಶೇ 2.95 ಮತ್ತು ಶೇ 24.91. ಇದನ್ನು ದಿವಾಳಿ ಎನ್ನಲಾಗದು, ಆರಾಮ ಎಂದೂ ಹೇಳಲಾಗದು. ಗೆರೆಯ ಅಂಚಿಗೆ ಬಂದು ನಿಂತಿದ್ದೇವೆ.

ಮನೆಗೂ ಸರ್ಕಾರಕ್ಕೂ ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಸಾಲ ತೀರಿಸಲು ಮನೆಯ ಯಜಮಾನ ತನ್ನ ಹೊಟ್ಟೆಗೇ ತಣ್ಣೀರುಬಟ್ಟೆ ಹಾಕಿಕೊಳ್ಳಬೇಕು. ಸರ್ಕಾರ ಹಾಗಲ್ಲ, ಯಾರ ಹೊಟ್ಟೆಗೆ ಹಾಕಬೇಕೆಂದು ಆಯ್ಕೆ ಮಾಡಬಲ್ಲದು.

ತಪ್ಪು ಕಲ್ಪನೆ: ಬಡವರು ತೆರಿಗೆ ಕಟ್ಟುವುದಿಲ್ಲ.

ಆದಾಯ ತೆರಿಗೆ ಕಟ್ಟುವುದಿಲ್ಲ, ಅಷ್ಟೇ. ರಾಜ್ಯದ ಡೀಸೆಲ್ ಮಾರಾಟ ತೆರಿಗೆಯನ್ನು ನೋಡಿ. 2024ರ ಜೂನ್‌ನಲ್ಲಿ ಅದು ಶೇ 14ರ ಆಸುಪಾಸಿನಿಂದ ಶೇ 18.4ಕ್ಕೆ ಏರಿತು. 2025ರ ಏಪ್ರಿಲ್ 1ರಿಂದ ಶೇ 21.17 ಆಯಿತು. 2021ರ ನವೆಂಬರ್‌ಗೆ ಮುಂಚೆ ಶೇ 24 ಇತ್ತು, ಆದ್ದರಿಂದ ಇದು ಹೊಸ ದಾಖಲೆಯೇನೂ ಅಲ್ಲ. ಆದರೂ ಒಂದು ವರ್ಷದೊಳಗೆ ಎರಡು ಸಲ ಏರಿದ್ದು ಖಜಾನೆ ತುಂಬಿಸಲೆಂದೇ. ಟ್ರ್ಯಾಕ್ಟರ್‌ನಿಂದ ಹೊಲ ಹಸನು ಮಾಡಿಸುವವರು, ಗೋವಿನಜೋಳವನ್ನು ರಾಣೆಬೆನ್ನೂರಿಗೆ ಸಾಗಿಸುವವರು, ಮೆಣಸಿನಕಾಯಿ ಚೀಲವನ್ನು ಟೆಂಪೋಗೆ ಹಾಕಿ ಬ್ಯಾಡಗಿಗೆ ತರುವವರು ಎಲ್ಲರೂ ಬಾಡಿಗೆಯ ರೂಪದಲ್ಲಿ ಆ ತೆರಿಗೆ ಕಟ್ಟುತ್ತಾರೆ. ಬೆಳೆಗೆ ಹೊಡೆಯುವ ಎಣ್ಣೆಯ ಮೇಲೆ, ಅಂದರೆ ಕೀಟನಾಶಕದ ಮೇಲೆ, ಶೇ 18 ಜಿಎಸ್‌ಟಿ ಇದೆ. ಕಾರ್ಖಾನೆಯವರು ತಾವು ಕೊಂಡ ಕಚ್ಚಾವಸ್ತುವಿಗೆ ತೆತ್ತ ಜಿಎಸ್‌ಟಿಯನ್ನು ಮುಂದಿನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ರೈತ ಜಿಎಸ್‌ಟಿ ನೋಂದಣಿಯಲ್ಲೇ ಇಲ್ಲ. ಅವನು ಕಟ್ಟಿದ್ದು ಅವನಿಗೆ ವಾಪಸು ಬರುವುದಿಲ್ಲ.

ಇದಕ್ಕಿಂತ ಕಠೋರವಾದ ಸಂಗತಿಯೊಂದಿದೆ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಏಕಾಏಕಿ ಕುಸಿದು, ರೈತರ ಸಿಟ್ಟು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚುವ ಮಟ್ಟಕ್ಕೆ ಹೋಯಿತು. ಬೆಂಕಿ ಹಚ್ಚಿದ್ದನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಆದರೆ ಅಂಥ ವರ್ಷದಲ್ಲಿ ಕಂಪನಿಯೊಂದು ನಷ್ಟಕ್ಕೆ ಬಿದ್ದಿದ್ದರೆ ಲಾಭದ ಮೇಲಿನ ತೆರಿಗೆ ಕಟ್ಟುತ್ತಿರಲಿಲ್ಲ, ಆ ನಷ್ಟವನ್ನು ಮುಂದಿನ ವರ್ಷಗಳ ಲಾಭದಲ್ಲಿ ಕಳೆದುಕೊಳ್ಳಲೂ ಕಾನೂನು ಅವಕಾಶ ಕೊಡುತ್ತದೆ. ನಷ್ಟಕ್ಕೆ ಬಿದ್ದ ಮೆಣಸಿನಕಾಯಿ ಬೆಳೆಗಾರ ಮಾತ್ರ ಡೀಸೆಲ್ಲಿಗೂ ಎಣ್ಣೆಗೂ ಲಾಭದ ವರ್ಷದಷ್ಟೇ ತೆರಿಗೆ ಕಟ್ಟಿಯಾಗಿತ್ತು. ಕೊರತೆ ತಗ್ಗಿಸಲು ಇಂಧನದಂಥ ವಸ್ತುಗಳ ಮೇಲೆ ತೆರಿಗೆ ಏರಿಸುವುದೆಂದರೆ ಕಟ್ಟುವವನಿಗೆ ಶಕ್ತಿ ಇದೆಯೋ ಇಲ್ಲವೋ ಕೇಳದೆ ವಸೂಲಿ ಮಾಡುವುದು.

ತಪ್ಪು ಕಲ್ಪನೆ: ಸಬ್ಸಿಡಿ ಕಡಿತ ಮಾಡಿದರೆ ಸರ್ಕಾರಕ್ಕೆ ಉಳಿತಾಯ, ಯಾರಿಗೂ ದೊಡ್ಡ ನಷ್ಟವಿಲ್ಲ.

ಹಾವೇರಿಯವರಿಗೆ ಗೊಬ್ಬರದ ವಿಷಯ ಬಿಡಿಸಿ ಹೇಳಬೇಕಿಲ್ಲ. 2008ರ ಜೂನ್ 10ರಂದು ಗೊಬ್ಬರಕ್ಕಾಗಿ ಸೇರಿದ್ದ ರೈತರ ಮೇಲೆ ಇದೇ ಊರಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ಜೀವ ಕಳೆದುಕೊಂಡರು. ಅದರ ಬೆನ್ನಿಗೇ ಜಗತ್ತಿನ ಹಣಕಾಸು ಬಿಕ್ಕಟ್ಟು ಬಂತು. ಕೇಂದ್ರ ಸರ್ಕಾರ ಕೈಗಾರಿಕೆಗಳಿಗೆ ಅಬಕಾರಿ ಸುಂಕ ಇಳಿಸಿತು, ಖರ್ಚು ಹಿಗ್ಗಿಸಿತು. 2009-10ರಲ್ಲಿ ಅದರ ವಿತ್ತೀಯ ಕೊರತೆ ದೇಶದ ಉತ್ಪನ್ನದ ಶೇ 6ನ್ನು ದಾಟಿತು. ಹಾಗಾದರೆ ಕೊರತೆ ತಗ್ಗಿಸುವ ಕತ್ತರಿ ಎಲ್ಲಿ ಬಿತ್ತು? 2010ರ ಏಪ್ರಿಲ್ 1ರಿಂದ ಯೂರಿಯಾ ಬಿಟ್ಟು ಉಳಿದ ರಸಗೊಬ್ಬರಗಳ ದರ ನಿಯಂತ್ರಣ ತೆಗೆದು, ಪೋಷಕಾಂಶದ ಲೆಕ್ಕದಲ್ಲಿ ಸಬ್ಸಿಡಿ ಕಟ್ಟಿಹಾಕಲಾಯಿತು. ಅದಕ್ಕೆ ಮುಂಚೆ 50 ಕಿಲೋ ಡಿಎಪಿ ಚೀಲ ಸುಮಾರು 467 ರೂಪಾಯಿ. 2012ರ ಹೊತ್ತಿಗೆ ಅದೇ ಚೀಲ 1,200 ರೂಪಾಯಿಯ ಆಸುಪಾಸು. ಜಾಗತಿಕ ಬೆಲೆ ಏರಿದ್ದು, ರೂಪಾಯಿ ಕುಸಿದದ್ದೂ ಇದಕ್ಕೆ ಕಾರಣ. ಆದರೆ ಆ ಏರಿಕೆಯನ್ನು ಮೊದಲು ಖಜಾನೆ ಹೊರುತ್ತಿತ್ತು, ಆಮೇಲೆ ರೈತ ಹೊತ್ತ. ಅಗ್ಗವಾಗಿ ಉಳಿದ ಯೂರಿಯಾವನ್ನೇ ಜನ ಹೆಚ್ಚು ಸುರಿದರು, ಮಣ್ಣಿನ ಸಮತೋಲ ಕೆಟ್ಟಿತು. ಕಾಗದದ ಮೇಲಿನ ಉಳಿತಾಯದ ಬೆಲೆಯನ್ನು ಭೂಮಿ ತೆತ್ತಿತು.

ಈ ಲೆಕ್ಕದ ಪಕ್ಕದಲ್ಲಿ ಇನ್ನೊಂದನ್ನು ಇಡಿ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಂಪನಿಗಳ ಮೂಲ ತೆರಿಗೆ ದರವನ್ನು ಶೇ 22ಕ್ಕೆ ಇಳಿಸಿತು, ಹೊಸ ತಯಾರಿಕಾ ಕಂಪನಿಗಳಿಗೆ ಶೇ 15 ಎಂದಿತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಕೈತಪ್ಪಲಿದೆ ಎಂದು ಸರ್ಕಾರವೇ ಅಂದಾಜಿಸಿತ್ತು. ಅದೇ ವರ್ಷ ಇಡೀ ದೇಶದ ರಸಗೊಬ್ಬರ ಸಬ್ಸಿಡಿ ಸುಮಾರು 81 ಸಾವಿರ ಕೋಟಿ. ಬಂಡವಾಳ ಹೂಡಿಕೆ ಹೆಚ್ಚಲೆಂದು ಆ ರಿಯಾಯಿತಿ ಕೊಟ್ಟದ್ದು ಎನ್ನುವ ವಾದವಿದೆ. ಇರಲಿ, ಚರ್ಚಿಸೋಣ. ಆದರೆ ರೈತನಿಗೆ ಕೊಟ್ಟದ್ದು ‘ಹೊರೆ’ ಎನಿಸಿಕೊಂಡು ಕಂಪನಿಗೆ ಬಿಟ್ಟುಕೊಟ್ಟದ್ದು ‘ಸುಧಾರಣೆ’ ಎನಿಸಿಕೊಳ್ಳುವುದನ್ನು ನಾನು ಒಪ್ಪಲಾರೆ. ಖಜಾನೆಯ ದೃಷ್ಟಿಯಲ್ಲಿ ಎರಡೂ ಹೊರಗೆ ಹೋದ ಹಣವೇ.

ತಪ್ಪು ಕಲ್ಪನೆ: ಗ್ಯಾರಂಟಿಗಳನ್ನು ನಿಲ್ಲಿಸಿದರೆ ಕೊರತೆ ಮುಗಿಯಿತು.

ರಾಜ್ಯ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಿಗೆ 2025-26ರಲ್ಲಿ ಇಟ್ಟದ್ದು 51,034 ಕೋಟಿ, ಬಜೆಟ್ಟಿನ ಎಂಟರಲ್ಲೊಂದು ಪಾಲು. ರಾಜಸ್ವ ಕೊರತೆಗಿಂತ ಇದು ದೊಡ್ಡ ಮೊತ್ತ. 2022-23ರಲ್ಲಿ ಹೆಚ್ಚುವರಿಯಲ್ಲಿದ್ದ ರಾಜಸ್ವ ಲೆಕ್ಕ 2023-24ರಿಂದ ಕೊರತೆಗೆ ತಿರುಗಿದೆ. ಈ ಸಂಬಂಧವನ್ನು ಅಲ್ಲಗಳೆದರೆ ಅಪ್ರಾಮಾಣಿಕತೆಯಾಗುತ್ತದೆ. ಆದರೆ 2024ರ ಆಗಸ್ಟ್‌ನಿಂದ ಜಾರಿಯಾದ ಏಳನೇ ವೇತನ ಆಯೋಗದ ಹೆಚ್ಚುವರಿ ಹೊರೆಯೂ ವರ್ಷಕ್ಕೆ 20 ಸಾವಿರ ಕೋಟಿ ದಾಟುತ್ತದೆ. ಹದಿನೈದನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದ್ದೂ ಇದೇ ಖಜಾನೆಯ ಕತೆ. ಕೇಂದ್ರ ಹಾಕುವ ಸೆಸ್, ಸರ್ಚಾರ್ಜ್‌ಗಳಲ್ಲಿ ರಾಜ್ಯಗಳಿಗೆ ಪಾಲೇ ಇಲ್ಲ. ಇವನ್ನೆಲ್ಲ ಬಿಟ್ಟು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯಲು ಹಳ್ಳಿಯಿಂದ ಬಸ್ಸು ಹತ್ತಿ ಬರುವ ಹೆಣ್ಣುಮಕ್ಕಳ ಪುಕ್ಕಟೆ ಟಿಕೆಟ್ಟಿನತ್ತ ಮಾತ್ರ ಬೆರಳು ತೋರುವುದು ನ್ಯಾಯವಲ್ಲ. ಅನುಕೂಲಸ್ಥರ ಮನೆಗೂ 200 ಯೂನಿಟ್‌ವರೆಗೆ ವಿದ್ಯುತ್ ಪುಕ್ಕಟೆ ಯಾಕೆ ಎಂದು ಕೇಳಿ, ಅದು ಸರಿಯಾದ ಪ್ರಶ್ನೆ. ನಾನಾದರೆ ಅಲ್ಲಿಂದಲೇ ಪರಿಷ್ಕರಣೆ ಶುರುಮಾಡುವೆ.

ಅಬಕಾರಿಯ, ಅಂದರೆ ಮದ್ಯದ ಮೇಲಿನ ತೆರಿಗೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ. ಹೆಂಡತಿಯ ಖಾತೆಗೆ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರುವ ಎಷ್ಟೋ ಮನೆಗಳಲ್ಲಿ ಗಂಡನ ಕೂಲಿ ಈ ದಾರಿಯಿಂದ ಸರ್ಕಾರಕ್ಕೆ ಹಿಂತಿರುಗುತ್ತದೆ. ಕೊರತೆ ತುಂಬಲು ಇದನ್ನು ನೆಚ್ಚುವುದು ನನಗೆ ನೋವಿನ ಸಂಗತಿ.

ಯಾರೂ ಗಮನಿಸದ ಇನ್ನೊಂದು ಕಡಿತವಿದೆ: ಖಾಲಿ ಹುದ್ದೆಗಳು. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆ ತುಂಬಿಲ್ಲ. ಸಂಬಳ ಉಳಿಯಿತು ನಿಜ. ಆದರೆ ಸರ್ಕಾರಿ ಶಾಲೆ, ಸರ್ಕಾರಿ ಆಸ್ಪತ್ರೆ ಬಿಟ್ಟರೆ ಬೇರೆ ಗತಿಯಿಲ್ಲದವರೇ ಆ ಉಳಿತಾಯದ ಬೆಲೆ ತೆತ್ತವರು.

ಕೊರತೆ ತಗ್ಗಲೇಬೇಕು, ಬಡ್ಡಿಗೆ ಹೋಗುವ ಪ್ರತಿ ರೂಪಾಯಿ ಕೆರೆಗೂ ಶಾಲೆಗೂ ಸಿಗದ ರೂಪಾಯಿ. ಬಜೆಟ್ ಮಂಡನೆಯಾದ ಮೇಲೆ ನಿಮ್ಮ ಶಾಸಕರು ಊರಿಗೆ ಬಂದಾಗ, ಮುಂದೆ ಸಂಸದರು ಬಂದಾಗಲೂ, ಒಂದೇ ಪ್ರಶ್ನೆ ಕೇಳಿ: ಈ ವರ್ಷ ಕೊರತೆ ಇಳಿಸಲು ಡೀಸೆಲ್‌ನಿಂದ ಎಷ್ಟು ಎತ್ತಿದಿರಿ, ತೆರಿಗೆ ವಿನಾಯಿತಿ ಪಡೆದವರಿಂದ ಎಷ್ಟು ಎತ್ತಿದಿರಿ? ಎರಡೂ ಅಂಕಿ ಹೇಳುವವರೆಗೆ ಬಿಡಬೇಡಿ.