ಕೆರೆಯ ಕೆಸರಿನಲ್ಲಿ ಎಷ್ಟು ಕ್ಯಾಲೊರಿ?

ಮಲ್ಲಿಪಟ್ಟಣದ ಕಡೆಯ ಒಂದು ಕೆರೆಯಂಗಳದಿಂದ ನನ್ನ ವಿದ್ಯಾರ್ಥಿಗಳು ಒಮ್ಮೆ ಬಾಂಡಲಿ ತುಂಬ ಕೆಸರು ತಂದಿದ್ದರು. ಜರಡಿಯಲ್ಲಿ ತೊಳೆದಾಗ ಉಳಿದದ್ದು ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿ ಮತ್ತು ದಾರದಂತಹ ಕೆಂಪು ಹುಳುಗಳು. ಈ ಕೆಂಪು ಹುಳುಗಳು ಸೊಳ್ಳೆಯಂತೆ ಕಾಣುವ, ಆದರೆ ಕಚ್ಚದ ಕೈರೊನೊಮಿಡ್ ಎಂಬ ಕೀಟದ ಮರಿಗಳು. ನಮ್ಮ ರಕ್ತದಲ್ಲಿರುವಂತೆ ಅವುಗಳಲ್ಲೂ ಹಿಮೊಗ್ಲೊಬಿನ್ ಇರುವುದರಿಂದಲೇ ಆ ಬಣ್ಣ.

"ಸಾರ್, ಬಸವನಹುಳು ತೂಕ ಜಾಸ್ತಿ. ಮೀನಿಗೆ ಅದೇ ಅಲ್ವಾ ಒಳ್ಳೆ ಊಟ?" ಎಂದ ಒಬ್ಬ ಹುಡುಗ. ಅವನ ತಂದೆ ಕೆರೆಗೆ ಮೀನುಮರಿ ಬಿಡುವವರು. ತಳದ ಹುಳುಗಳನ್ನು ಮೇಯುವ ಸಾಮಾನ್ಯ ಗೆಂಡೆಯ ಮರಿಗಳನ್ನು ಅಳತೆ ಮೀರಿ ಬಿಟ್ಟರೆ, ಅವು ಬೆಳೆಯದೆ ಸಣ್ಣದಾಗಿಯೇ ಉಳಿಯುತ್ತವೆ. ಹಾಕಿದ ಹಣ ನೀರುಪಾಲಾಗುತ್ತದೆ.

ಆಹಾರದ ಶಕ್ತಿಯನ್ನು ಅಳೆಯುವುದು ಹೇಗೆ? ಅದನ್ನು ಸುಟ್ಟು, ಹೊರಬಂದ ಶಾಖವನ್ನು ನೀರಿಗೆ ಕೊಟ್ಟು. ಅರ್ಧ ಗ್ರಾಂ ಕಡಲೆಕಾಯಿ ಬೀಜವನ್ನು ಸೂಜಿಗೆ ಚುಚ್ಚಿ, ಹೊತ್ತಿಸಿ, 20 ಮಿಲಿಲೀಟರ್ ನೀರಿರುವ ಪ್ರನಾಳದ ಕೆಳಗೆ ಹಿಡಿದೆವು. ನೀರು 40 ಡಿಗ್ರಿ ಏರಿತು. ಅಂದರೆ 20 × 40 = 800 ಕ್ಯಾಲೊರಿ. ವಾಸ್ತವದಲ್ಲಿ ಆ ಬೀಜದಲ್ಲಿರುವುದು ಸುಮಾರು 2,800. ಉಳಿದದ್ದು ಗಾಳಿಗೆ ಹೋಯಿತು.

ಈ ನಷ್ಟ ತಪ್ಪಿಸಲು ಪ್ರಯೋಗಾಲಯಗಳಲ್ಲಿ 'ಬಾಂಬ್ ಕ್ಯಾಲೊರಿಮಾಪಕ' ಇದೆ. ಹುಳುಗಳನ್ನು ಒಣಗಿಸಿ, ಪುಡಿಮಾಡಿ, ಗುಳಿಗೆಯಾಗಿ ಒತ್ತಿ, ಆಮ್ಲಜನಕ ತುಂಬಿದ ಉಕ್ಕಿನ ಪಾತ್ರೆಯೊಳಗೆ ಸುಡುತ್ತಾರೆ. ಸುತ್ತಲೂ ನೀರು. ಈ ಉಪಕರಣ 1 ಡಿಗ್ರಿ ಬಿಸಿಯಾಗಲು 2,400 ಕ್ಯಾಲೊರಿ ಬೇಕು ಎಂದಿಟ್ಟುಕೊಳ್ಳಿ. 0.2 ಗ್ರಾಂ ಗುಳಿಗೆ 0.42 ಡಿಗ್ರಿ ಏರಿಸಿದರೆ, ಶಾಖ 1,008 ಕ್ಯಾಲೊರಿ. ಗ್ರಾಂಗೆ ಸುಮಾರು 5,000. ಒಣಗಿದ ಕೀಟಮರಿಗಳ ಬೆಲೆ ಸಾಮಾನ್ಯವಾಗಿ ಇದರ ಆಸುಪಾಸಿನಲ್ಲೇ ಇರುತ್ತದೆ.

ಇನ್ನು ಬಸವನಹುಳು. ಅದರ ತೂಕದ ದೊಡ್ಡ ಪಾಲು ಚಿಪ್ಪು. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲಿನ ಜಾತಿ. ಅದು ಉರಿಯುವುದಿಲ್ಲ; ಕಾದಾಗ ಒಡೆಯುತ್ತ ಒಂದಿಷ್ಟು ಶಾಖವನ್ನು ತಾನೇ ನುಂಗುತ್ತದೆ. ಆದ್ದರಿಂದ ಚಿಪ್ಪು ತೆಗೆದು, ಬೂದಿಯ ತೂಕ ಕಳೆದು ಲೆಕ್ಕ ಹಾಕಬೇಕು. ಹಸಿ ಹುಳುವಿನಲ್ಲಿ ಬಹುಪಾಲು ನೀರೇ ಇರುವುದರಿಂದ ಒಣತೂಕವೇ ಲೆಕ್ಕಕ್ಕೆ ಆಧಾರ.

ಒಂದು ಚದರ ಮೀಟರ್ ಕೆಸರಿನಲ್ಲಿ 2 ಗ್ರಾಂ ಒಣ ಹುಳು ಸಿಕ್ಕಿತೆನ್ನಿ. ಅದು 10 ಕಿಲೊಕ್ಯಾಲೊರಿ. ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ದಾಟುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಕೆರೆಯನ್ನು ಹೀಗೆ ಶಕ್ತಿಯ ಲೆಕ್ಕದಲ್ಲಿ ನೋಡುವುದನ್ನು ಕಲಿಸಿದವರು ಅಮೆರಿಕದ ರೇಮಂಡ್ ಲಿಂಡೆಮನ್. ಅವರ ಪ್ರಸಿದ್ಧ ಪ್ರಬಂಧ ಅಚ್ಚಾದದ್ದು 1942ರಲ್ಲಿ. ಅದನ್ನು ನೋಡಲು ಅವರೇ ಇರಲಿಲ್ಲ, 26ನೇ ವಯಸ್ಸಿಗೆ ತೀರಿಕೊಂಡಿದ್ದರು. ಆ ಲೆಕ್ಕದಂತೆ ನಮ್ಮ 10 ಕಿಲೊಕ್ಯಾಲೊರಿಯಿಂದ ಮೀನಿನ ಮೈಗೆ ಸೇರುವುದು ಒಂದೇ. ಹುಳುಗಳು ವರ್ಷದಲ್ಲಿ ಹಲವು ತಲೆಮಾರು ಹುಟ್ಟುವುದರಿಂದ ಒಂದು ದಿನದ ಅಳತೆ ಸಾಲದು, ತಿಂಗಳಿಗೊಮ್ಮೆಯಾದರೂ ಅಳೆಯಬೇಕು.

ಹುಡುಗನಿಗೆ ಉತ್ತರ ಸಿಕ್ಕಿತು: ತೂಕವೇ ಊಟವಲ್ಲ. ಪೋಷಕರೇ, ಮಕ್ಕಳು ಕೆರೆಯಿಂದ ಕೆಸರು ತಂದರೆ ಗದರಬೇಡಿ. ಒಬ್ಬರನ್ನೇ ಮಾತ್ರ ಕಳಿಸಬೇಡಿ, ಜೊತೆಗೆ ನೀವೂ ಹೋಗಿ.